ಜ್ವರದ ಜೊತೆ ಮಾಡಿದ ಕೆಲಸವನ್ನೂ ಹೇಳಿ
ಸದಾಶಿವಗಡದ ಸುತ್ತಮುತ್ತಲಿನವರಿಗೆ ಪ್ರಾಣಿಗಳಿಂದ ಬರುವ ರೋಗಗಳ ಕೈಪಿಡಿ

ಜ್ವರ, ತಲೆನೋವು, ಮೈಕೈ ನೋವು. ಇಷ್ಟನ್ನು ಮಾತ್ರ ಹೇಳಿದರೆ ಅದು ಡೆಂಗಿಯೋ, ಇಲಿಜ್ವರವೋ, ಮಂಗನ ಕಾಯಿಲೆಯೋ ಎಂದು ಮೊದಲ ಎರಡು ಮೂರು ದಿನಗಳಲ್ಲಿ ತೀರ್ಮಾನಿಸುವುದು ಅನುಭವಿ ವೈದ್ಯರಿಗೂ ಕಷ್ಟ. ಆರಂಭದಲ್ಲಿ ಇವೆಲ್ಲ ಒಂದೇ ಥರ. ಆದರೆ ‘ಹತ್ತು ದಿನದ ಹಿಂದೆ ನಾಟಿ ಗದ್ದೆಯಲ್ಲಿದ್ದೆ, ಹಿಮ್ಮಡಿ ಒಡೆದಿತ್ತು’ ಎಂದೋ, ‘ಗೇರುಬೀಜ ಹೆಕ್ಕಲು ಬೆಟ್ಟಕ್ಕೆ ಹೋಗಿದ್ದೆ, ಉಣುಗು ಕಚ್ಚಿತ್ತು’ ಎಂದೋ ಒಂದು ಮಾತು ಸೇರಿಸಿ ನೋಡಿ. ಯಾವ ರಕ್ತಪರೀಕ್ಷೆ ಮಾಡಿಸಬೇಕು, ಯಾವ ಔಷಧವನ್ನು ತಡಮಾಡದೆ ಶುರುಮಾಡಬೇಕು ಎಂಬ ಪ್ರಶ್ನೆಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಮನುಷ್ಯರಿಗೆ ಅಂಟುವ, ನಮಗೆ ಗೊತ್ತಿರುವ ಸೋಂಕು ರೋಗಗಳಲ್ಲಿ ಶೇ 60ರಷ್ಟು ಪ್ರಾಣಿಗಳಿಂದ ಬರಬಲ್ಲವು ಎನ್ನುತ್ತಾರೆ ತಜ್ಞರು. ಆ ಉದ್ದ ಪಟ್ಟಿಯನ್ನು ನೋಡಿ ಗಾಬರಿಯಾಗಬೇಕಿಲ್ಲ. ಸದಾಶಿವಗಡ, ಮಾಜಾಳಿ, ಅಸ್ನೋಟಿ, ಹಣಕೋಣ, ಕಾರವಾರ ಮತ್ತು ಅಂಕೋಲೆಯ ಜನ ನಿಜವಾಗಿ ಎಚ್ಚರವಹಿಸಬೇಕಾದ ರೋಗಗಳು ಬೆರಳೆಣಿಕೆಯಷ್ಟು. ಅವು ಒಳಬರುವ ದಾರಿಗಳೂ ಅಷ್ಟೇ: ನಾಯಿಯ ಕಡಿತ, ಗದ್ದೆಯ ಕೆಸರುನೀರು, ಬೆಟ್ಟದ ಉಣುಗು, ಕೊಟ್ಟಿಗೆಯ ಕೆಲಸ, ಮೀನಿನ ಮುಳ್ಳು. ಒಂದೊಂದಾಗಿ ನೋಡೋಣ.

ನಾಯಿ ಕಚ್ಚಿದರೆ: ಮೊದಲ ಔಷಧ ಸಾಬೂನು

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಭೀಕರವಾದದ್ದು ರೇಬೀಸ್. ಸುಲಭವಾಗಿ ತಡೆಯಬಹುದಾದದ್ದೂ ಅದೇ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಲಕ್ಷಣ ಬರುವ ಮೊದಲು ಸರಿಯಾಗಿ ಚಿಕಿತ್ಸೆ ಪಡೆದವರು ಸಾಯುವುದೂ ಇಲ್ಲವೆಂಬಷ್ಟು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದಕ್ಕೆ ಬಲಿಯಾಗುತ್ತಾರೆ. ಅವರಲ್ಲಿ ನೂರಕ್ಕೆ 99 ಮಂದಿಗೆ ಇದು ನಾಯಿಯಿಂದ ಬಂದದ್ದು. ಸತ್ತವರಲ್ಲಿ ಹತ್ತರಲ್ಲಿ ನಾಲ್ವರು 15 ವರ್ಷದೊಳಗಿನ ಮಕ್ಕಳು. ಬೈಯುತ್ತಾರೆಂಬ ಹೆದರಿಕೆಯಿಂದ ಮಕ್ಕಳು ನಾಯಿ ಪರಚಿದ್ದನ್ನು ಮನೆಯಲ್ಲಿ ಮುಚ್ಚಿಡುತ್ತಾರೆ. ‘ನಾಯಿ ಕಚ್ಚಿದರೆ ಬೈಯುವುದಿಲ್ಲ, ತಕ್ಷಣ ಹೇಳು’ ಎಂದು ಮೊದಲೇ ಹೇಳಿಟ್ಟಿರಿ.

ಕಚ್ಚಿದ ಕೂಡಲೇ ಮಾಡಬೇಕಾದದ್ದು ಇದು:

1. ನಲ್ಲಿ ಅಥವಾ ಕೊಡದಿಂದ ಸುರಿಯುವ ನೀರಿನಲ್ಲಿ, ಸಾಬೂನು ಹಚ್ಚಿ, ಗಾಯವನ್ನು 15 ನಿಮಿಷ ತೊಳೆಯಿರಿ. ಬಟ್ಟೆ ಒಗೆಯುವ ಸಾಬೂನಾದರೂ ಸರಿ. ರೇಬೀಸ್ ವೈರಾಣುವಿನ ಹೊರಕವಚ ಕೊಬ್ಬಿನದು. ಸಾಬೂನು ಅದನ್ನು ಒಡೆಯುತ್ತದೆ.
2. ಆಮೇಲೆ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಅರಿಶಿನ, ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ, ಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಇವು ಗಾಯವನ್ನು ಕೆರಳಿಸಿ ವೈರಾಣುವನ್ನು ನರದ ಹತ್ತಿರಕ್ಕೆ ತಳ್ಳಬಹುದು.
3. ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಹೊಲಿಗೆ ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸಲಿ.
4. ಅದೇ ದಿನ ಆಸ್ಪತ್ರೆಗೆ ಹೋಗಿ. ಭಾನುವಾರವೋ ಹಬ್ಬವೋ ಎಂದು ಮುಂದೂಡಬೇಡಿ.

ಆಸ್ಪತ್ರೆಯಲ್ಲಿ ಗಾಯವನ್ನು ಮೂರು ದರ್ಜೆಯಾಗಿ ವಿಂಗಡಿಸುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದ್ದರೆ ಅದು ಮೊದಲ ದರ್ಜೆ, ತೊಳೆದರೆ ಸಾಕು. ರಕ್ತ ಬಾರದ ಸಣ್ಣ ಪರಚು ಎರಡನೆಯದು, ಲಸಿಕೆ ಬೇಕು. ರಕ್ತ ಬಂದ ಕಡಿತ, ಇದ್ದ ಗಾಯದ ಮೇಲೆ ಅಥವಾ ಬಾಯಿ, ಕಣ್ಣಿಗೆ ಬಿದ್ದ ಜೊಲ್ಲು ಮೂರನೆಯದು. ಇದಕ್ಕೆ ಲಸಿಕೆಯ ಜೊತೆಗೆ ಇಮ್ಯುನೋಗ್ಲೊಬ್ಯುಲಿನ್ ಎಂಬ ಚುಚ್ಚುಮದ್ದನ್ನೂ ಗಾಯದ ಒಳಗೆ ಮತ್ತು ಸುತ್ತ ಕೊಡಬೇಕು. ಲಸಿಕೆಯಿಂದ ದೇಹ ತನ್ನದೇ ಪ್ರತಿಕಾಯ ತಯಾರಿಸಿಕೊಳ್ಳಲು ವಾರಕ್ಕೂ ಮೇಲೆ ಬೇಕು. ಅಲ್ಲಿಯವರೆಗೆ ಕಾಯುವುದು ಈ ಚುಚ್ಚುಮದ್ದು. ಮೊದಲ ದಿನ ಅದು ಸಿಗದಿದ್ದರೆ ಏಳು ದಿನದೊಳಗೆ ಪಡೆಯಬಹುದು. ರಕ್ತ ಬಂದ ಕಡಿತಕ್ಕೆ ಲಸಿಕೆ ಮಾತ್ರ ಕೊಟ್ಟು ಕಳಿಸುತ್ತಿದ್ದಾರೆ ಎನಿಸಿದರೆ ಇದರ ಬಗ್ಗೆ ಕೇಳಲು ಸಂಕೋಚ ಬೇಡ.

ಚರ್ಮದ ಪದರಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ ಇವುಗಳ ನಡುವೆ 14ನೇ ದಿನ ಇನ್ನೊಂದು. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬುದು ಹಳೆಯ ಕಾಲದ ಮಾತು. ಈಗ ತೋಳಿಗೆ ಕೊಡುತ್ತಾರೆ. ಗರ್ಭಿಣಿಯರೂ ಬಾಣಂತಿಯರೂ ಹಸುಗೂಸುಗಳೂ ಪಡೆಯಬಹುದು, ಪಡೆಯಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಸದಾಶಿವಗಡದ ಕಡೆಯವರು ಮೂರನೇ ದರ್ಜೆಯ ಗಾಯವಾದರೆ ಕಾಳಿ ಸೇತುವೆ ದಾಟಿ ಕಾರವಾರದ ಕ್ರಿಮ್ಸ್ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಉಳಿದ ವರಸೆಗಳನ್ನು ಮನೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಡೆಯಬಹುದೇ ಎಂದು ಅಲ್ಲೇ ವಿಚಾರಿಸಿಕೊಳ್ಳಿ. ಗಾಯ ಮಾಯಿತು, ನಾಯಿ ಚೆನ್ನಾಗಿದೆ, ದೋಣಿ ಹತ್ತಬೇಕು ಎಂದು ಕೊನೆಯ ವರಸೆಗಳನ್ನು ಬಿಡುವವರೇ ಹೆಚ್ಚು. ಮನೆಯ ಕ್ಯಾಲೆಂಡರಿನಲ್ಲಿ ದಿನಾಂಕಗಳಿಗೆ ಗುರುತು ಹಾಕಿಡಿ.

ಕಚ್ಚಿದ್ದು ಪರಿಚಯದ ನಾಯಿಯಾದರೆ ಅದನ್ನು ಹತ್ತು ದಿನ ಗಮನಿಸಿ, ಆದರೆ ಹತ್ತು ದಿನ ಕಾದು ಲಸಿಕೆ ಶುರುಮಾಡುವುದಲ್ಲ. ಲಸಿಕೆ ಮೊದಲು, ಗಮನಿಸುವುದು ಅದರ ಜೊತೆಗೆ. ಬೆಕ್ಕು, ಮಂಗ, ಮುಂಗುಸಿ, ನರಿ ಕಚ್ಚಿದರೂ ಗಾಯ ತೊಳೆದು ತಕ್ಷಣ ಲಸಿಕೆಗೆ ಹೋಗಬೇಕು.

ಹೈನುಗಾರರು ಗಮನಿಸಬೇಕಾದ ಒಂದು ಸಂಗತಿ ಇದೆ. ಹುಚ್ಚುನಾಯಿ ಕಚ್ಚಿದ ದನ ಕೆಲವು ವಾರಗಳ ಮೇಲೆ ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ವಿಚಿತ್ರವಾಗಿ ಕೂಗುತ್ತದೆ. ಆಗ ಬಾಯೊಳಗೆ ಕೈಹಾಕಿ ನೋಡುವುದು ನಮ್ಮಲ್ಲಿ ರೂಢಿ. ಬರಿಗೈ ಹಾಕಲೇಬೇಡಿ. ಪಶುವೈದ್ಯರನ್ನು ಕರೆಯಿರಿ. ಈಗಾಗಲೇ ಹಾಕಿದ್ದರೆ ಕೈ ತೊಳೆದು ಲಸಿಕೆಗೆ ಹೋಗಿ.

ಮಾಜಾಳಿ ದಾಟಿದರೆ ಸಿಗುವ ಗೋವಾದಲ್ಲಿ ಬೀದಿನಾಯಿಗಳಿಗೆ ವರ್ಷ ವರ್ಷವೂ ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕಿ, ಶಾಲೆ ಶಾಲೆಯಲ್ಲಿ ತಿಳಿವಳಿಕೆ ಕೊಟ್ಟರು. 2018ರಿಂದ ಮೂರು ವರ್ಷ ಅಲ್ಲಿ ರೇಬೀಸ್‌ನಿಂದ ಒಬ್ಬರೂ ಸಾಯಲಿಲ್ಲವೆಂದು 2021ರಲ್ಲಿ ಆ ಸರ್ಕಾರ ಪ್ರಕಟಿಸಿತು. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆ. ನಿಮ್ಮ ಮನೆಯ ನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆ ಈ ಲೆಕ್ಕಕ್ಕೆ ಸೇರುತ್ತದೆ.

ಮಳೆಗಾಲದ ಕೆಸರು: ಇಲಿಜ್ವರ

ಜೂನ್‌ನಿಂದ ಅಕ್ಟೋಬರ್‌ವರೆಗೆ ಕರಾವಳಿಯಲ್ಲಿ ಜ್ವರ ಬಂದವರು ಮರೆಯಬಾರದ ಹೆಸರು ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ಹೆಗ್ಗಣಗಳ ಮೂತ್ರದಲ್ಲಿ ಈ ಬ್ಯಾಕ್ಟೀರಿಯಾ ಹೊರಬರುತ್ತದೆ. ದನ, ನಾಯಿ, ಹಂದಿಗಳ ಮೂತ್ರದಲ್ಲೂ ಇರಬಹುದು. ನಿಂತ ಸಿಹಿನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಕಾಲಿನ ಬಿರುಕು, ಕೈಯ ಗೀರು, ಕಣ್ಣು, ಬಾಯಿಯ ಒಳಚರ್ಮದ ಮೂಲಕ ಒಳನುಗ್ಗುತ್ತದೆ. ಉಪ್ಪುನೀರಿನಲ್ಲಿ ಬಹುಕಾಲ ಉಳಿಯದು. ಆದ್ದರಿಂದ ಕಡಲಿಗಿಂತ ಗದ್ದೆ, ಚರಂಡಿ, ಕೊಟ್ಟಿಗೆ, ತೋಟದ ಕಾಲುವೆಗಳಲ್ಲಿ ಅಪಾಯ ಹೆಚ್ಚು.

ನಾಟಿ ಮಾಡುವವರು, ಚರಂಡಿ ಬಿಡಿಸುವವರು, ಹಳೆ ಬಲೆ ಮತ್ತು ಸಾಮಾನು ತುಂಬಿದ ಶೆಡ್‌ಗಳಲ್ಲಿ ಕೆಲಸ ಮಾಡುವವರಿಗೆ ಇದರ ಅಪಾಯ ಜಾಸ್ತಿ. ನೆರೆ ಬಂದಾಗ ಈ ಅಪಾಯ ಎಲ್ಲರಿಗೂ ಹರಡುತ್ತದೆ. 2019 ಮತ್ತು 2021ರಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ಇಲ್ಲಿಯವರು ಕಂಡಿದ್ದಾರೆ. ಇಳಿದ ನೆರೆಯ ಕೆಸರನ್ನು ಬರಿಗಾಲಲ್ಲಿ, ಬರಿಗೈಯಲ್ಲಿ ಬಳಿಯುವ ದಿನಗಳೇ ಹೆಚ್ಚು ಅಪಾಯದವು.

ಸೋಂಕು ತಗಲಿದ ಮೇಲೆ ಸಾಮಾನ್ಯವಾಗಿ 5ರಿಂದ 14 ದಿನಕ್ಕೆ ಜ್ವರ ಶುರುವಾಗುತ್ತದೆ. ಚಳಿಯೊಂದಿಗೆ ಏರುವ ಜ್ವರ, ತಲೆನೋವು, ಕೆಂಪಾದ ಕಣ್ಣು, ಮುಟ್ಟಲೂ ಆಗದಷ್ಟು ಮೀನಖಂಡದ ನೋವು ಇದರ ಗುರುತು. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ರೋಗ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಕ್ಕೆ ಇಳಿದಿದೆ ಎಂದರ್ಥ. ಕಣ್ಣು ಹಳದಿಯಾದ ಕೂಡಲೇ ಕಾಮಾಲೆಯ ನಾಟಿ ಔಷಧಕ್ಕೆ ಓಡುವುದು ನಮ್ಮ ಕಡೆಯ ಅಭ್ಯಾಸ. ಜ್ವರದ ಜೊತೆಗೆ ಬಂದ ಕಾಮಾಲೆಯಾದರೆ ಆಸ್ಪತ್ರೆಗೇ ಹೋಗಬೇಕು. ಇಲ್ಲಿ ಕಳೆದುಹೋಗುವ ಎರಡು ದಿನವೇ ಮೂತ್ರಪಿಂಡದ ಬೆಲೆಯಾಗಬಹುದು.

ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೆಯ, ಅಗ್ಗದ ಔಷಧಗಳೇ ಸಾಕು, ಆದರೆ ಬೇಗ ಕೊಡಬೇಕು. ತೊಡಕು ಇರುವುದು ಇಲ್ಲೇ. ಸಾಮಾನ್ಯವಾಗಿ ಮಾಡುವ ರಕ್ತಪರೀಕ್ಷೆ ಹುಡುಕುವುದು ಪ್ರತಿಕಾಯವನ್ನು, ಅದು ರಕ್ತದಲ್ಲಿ ಕಾಣಿಸುವುದಕ್ಕೆ ವಾರ ಹಿಡಿಯುತ್ತದೆ. ಮೂರನೇ ದಿನದ ವರದಿ ‘ಇಲ್ಲ’ ಎಂದು ಬಂದರೂ ರೋಗ ಇಲ್ಲವೆಂದಲ್ಲ. ‘ಗದ್ದೆಯಲ್ಲಿದ್ದೆ’ ಎಂಬ ನಿಮ್ಮ ಮಾತನ್ನು ನಂಬಿಯೇ ವೈದ್ಯರು ಔಷಧ ಶುರುಮಾಡಬೇಕಾಗುತ್ತದೆ.

ತಡೆಯುವ ದಾರಿಗಳು ಸರಳ. ಗಾಯವಿದ್ದ ದಿನ ಗದ್ದೆಗೆ ಇಳಿಯದಿರುವುದು, ಇಳಿಯಲೇಬೇಕಾದರೆ ನೀರು ಹೋಗದ ಪಟ್ಟಿ ಹಚ್ಚಿ ಗಂಬೂಟು ಹಾಕುವುದು, ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ಕೈಕಾಲು ತೊಳೆಯುವುದು, ಭತ್ತ, ಹಿಂಡಿ, ಒಣಮೀನನ್ನು ಇಲಿ ಹೋಗದ ಡಬ್ಬಿಯಲ್ಲಿಡುವುದು. ನೆರೆ ಹೊಕ್ಕ ಮನೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಿರಿ. ಹೆಚ್ಚು ಅಪಾಯದ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವ ಕ್ರಮವಿದೆ. ಆದರೆ ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಸಲ್ಲದು. ವೈದ್ಯರು ಹೇಳದೆ ಅಂಗಡಿಯಿಂದ ತಂದು ನುಂಗಬೇಡಿ.

ಬೇಸಿಗೆಯ ಬೆಟ್ಟ: ಮಂಗನ ಕಾಯಿಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಊರುಗಳಲ್ಲಿ ಜನರೂ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲು ಇದು ಆಫ್ರಿಕಾದ ಹಳದಿ ಜ್ವರವೇ ಎಂದು ಅನುಮಾನಪಟ್ಟರು. ಸಿಕ್ಕಿದ್ದು ಅದುವರೆಗೆ ಯಾರೂ ಕಂಡಿರದ ವೈರಾಣು. ಆ ಊರಿನ ಹೆಸರಿನಿಂದಲೇ ಜಗತ್ತು ಅದನ್ನು ಗುರುತಿಸುತ್ತದೆ. ಹೆಸರಿನಲ್ಲಿ ಮಂಗವಿದ್ದರೂ ನಮಗೆ ತಗಲಿಸುವುದು ಮಂಗವಲ್ಲ, ಉಣುಗು. ಕಪ್ಪುಮೋರೆಯ ಮುಸಿಯವೂ ಕೆಂಪುಮೋರೆಯ ಮಂಗವೂ ನಮ್ಮಂತೆಯೇ ಇದಕ್ಕೆ ಬಲಿಯಾಗುವ ಪ್ರಾಣಿಗಳು. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಆ ಜಾಗದ ತರಗೆಲೆಯಲ್ಲಿ ಕಾಯುತ್ತಿರುತ್ತವೆ. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡದು. ಆರೈಕೆ ಮಾಡಲು ಹೆದರಬೇಕಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದರ ಪೆಟ್ಟು ಹೆಚ್ಚು ಬಿದ್ದಿರುವುದು ಸಿದ್ದಾಪುರ, ಹೊನ್ನಾವರದ ಕಡೆ. 2024ರಲ್ಲಿ ಸಿದ್ದಾಪುರ ತಾಲ್ಲೂಕು ಬಹಳ ನರಳಿತು. ಸದಾಶಿವಗಡದ ಕಡಲದಂಡೆಯಲ್ಲಿ ಕೂತವರಿಗೆ ಇದು ದೂರದ ಮಾತು ಅನಿಸಬಹುದು. ಆದರೆ 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, ಮರುವರ್ಷ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ ಇದು ಕಾಣಿಸಿಕೊಂಡಿತು. ಎರಡೂ ಕಡೆ ಗೇರುತೋಪಿನ ನಂಟಿತ್ತು. ಚಿಕ್ಕ ಉಣುಗುಗಳು ಚುರುಕಾಗಿರುವುದು ನವೆಂಬರ್‌ನಿಂದ ಮೇವರೆಗೆ. ಗೇರುಬೀಜ ಹೆಕ್ಕುವುದೂ ದರಕು ಗುಡಿಸುವುದೂ ಸೌದೆ ತರುವುದೂ ಅದೇ ತಿಂಗಳುಗಳಲ್ಲಿ. ಕದ್ರಾ, ಮಲ್ಲಾಪುರದ ಕಡೆ ಕಾಡಿಗೆ ಹೋಗುವವರು, ಅಂಕೋಲೆಯ ಘಟ್ಟದ ಬುಡದ ಊರುಗಳವರು ಇದನ್ನು ನೆನಪಿಡಬೇಕು.

ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಒಮ್ಮೆಲೇ ಜೋರು ಜ್ವರ, ಸಹಿಸಲಾಗದ ತಲೆನೋವು, ಸೊಂಟ ಮತ್ತು ಕಾಲಿನ ಸೆಳೆತ, ವಾಂತಿ ಬರುತ್ತದೆ. ಕೆಲವರಿಗೆ ವಸಡು, ಮೂಗಿನಲ್ಲಿ ರಕ್ತ. ಜ್ವರ ಬಿಟ್ಟು ವಾರವೆರಡು ವಾರದ ಮೇಲೆ ಮತ್ತೆ ಮರುಕಳಿಸಿ ಮಂಕು, ನಡುಕ, ಮಾತಿನ ತೊದಲು ಕಾಣಿಸುವುದೂ ಉಂಟು. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ. ಆಸ್ಪತ್ರೆಯಲ್ಲಿದ್ದು ನೀರಿನಂಶ, ರಕ್ತದ ಪ್ಲೇಟ್‌ಲೆಟ್ ಕಾಯ್ದುಕೊಂಡರೆ ಬಹುಪಾಲು ಜನ ಗುಣವಾಗುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಅವು ರಕ್ತಸ್ರಾವ ಹೆಚ್ಚಿಸಬಹುದು. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು, ಹೊಸದರ ಕೆಲಸ ನಡೆದಿದೆ. ಹಾಗಾಗಿ ಈಗ ಉಳಿದಿರುವ ಉಪಾಯ ಉಣುಗು ಕಚ್ಚದಂತೆ ನೋಡಿಕೊಳ್ಳುವುದು:

- ಕಾಡಿಗೆ ಹೋಗುವ ಮೊದಲು ಕೈಕಾಲು, ಕುತ್ತಿಗೆಗೆ ಡೇಪಾ ಎಣ್ಣೆ ಹಚ್ಚಿ. ರೋಗವಿರುವ ಕಡೆ ಆರೋಗ್ಯ ಇಲಾಖೆ ಇದನ್ನು ಹಂಚುತ್ತದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ.
- ತುಂಬುತೋಳಿನ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ದರಕಿನ ಮೇಲೆ ಕೂರಬೇಡಿ.
- ಮನೆಗೆ ಬಂದ ಕೂಡಲೇ ಬಿಸಿನೀರು, ಸಾಬೂನಿನಿಂದ ಮೀಯಿರಿ. ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಹುಡುಕಿ.
- ಕಚ್ಚಿಕೊಂಡ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿ ಬೇಡ, ಬೆರಳಿನಿಂದ ಹೊಸಕುವುದೂ ಬೇಡ.
- ಮೇಯಲು ಹೋಗುವ ದನಗಳು ಉಣುಗನ್ನು ಕೊಟ್ಟಿಗೆಗೆ ಹೊತ್ತು ತರುತ್ತವೆ. ಪಶುವೈದ್ಯರಿಂದ ಉಣುಗು ನಾಶಕ ಪಡೆದು ಹಚ್ಚಿ.
- ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಪಂಚಾಯಿತಿಗೆ, ಅರಣ್ಯ ಇಲಾಖೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಂಗದ ಸಾವು ಊರಿಗೆ ಸಿಗುವ ಮೊದಲ ಮುನ್ಸೂಚನೆ.

ಇದೇ ಪೊದೆ, ಹುಲ್ಲುಗಳಿಂದ ಬರುವ ಇನ್ನೊಂದು ಜ್ವರ ಸ್ಕ್ರಬ್ ಟೈಫಸ್. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಮರಿ ಕಚ್ಚಿ ಇದು ಬರುತ್ತದೆ. ಕಚ್ಚಿದ ಕಡೆ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಬೀಳುವುದುಂಟು. ನೋಯುವುದಿಲ್ಲ, ಬಟ್ಟೆಯ ಒಳಗೆ ಇರುವುದರಿಂದ ಯಾರಿಗೂ ಕಾಣುವುದಿಲ್ಲ. ಜ್ವರದಲ್ಲಿ ಇಂಥ ಕಲೆ ಕಂಡರೆ ನಾಚಿಕೊಳ್ಳದೆ ವೈದ್ಯರಿಗೆ ತೋರಿಸಿ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್‌ಗೆ ಚೆನ್ನಾಗಿ ಬಗ್ಗುವ ರೋಗ ಇದು.

ಕೊಟ್ಟಿಗೆ: ಕಂದು ಹಾಕಿದ ದನ

ಐದನೇ ತಿಂಗಳು ದಾಟಿದ ಮೇಲೆ ದನ ಕಂದು ಹಾಕಿದರೆ ಬ್ರುಸೆಲ್ಲೋಸಿಸ್ ಇರಬಹುದೆಂದು ಅನುಮಾನಿಸಬೇಕು. ಸತ್ತ ಕರು, ಮಾಸು, ದ್ರವಗಳಲ್ಲಿ ರೋಗಾಣು ತುಂಬಿರುತ್ತದೆ. ಬರಿಗೈಯಲ್ಲಿ ಎಳೆದವರಿಗೆ, ಹಸಿ ಹಾಲು ಕುಡಿದವರಿಗೆ ತಗಲುತ್ತದೆ. ವಾರಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಬೆನ್ನು ನೋವು, ಗಂಡಸರಲ್ಲಿ ವೃಷಣದ ಬಾವು ಇದರ ಲಕ್ಷಣಗಳು. ಎಷ್ಟೋ ಜನ ವಾತವೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಇರುತ್ತಾರೆ. ಚಿಕಿತ್ಸೆ ಇದೆ, ಆದರೆ ಎರಡು ಬಗೆಯ ಔಷಧವನ್ನು ಆರು ವಾರ ಬಿಡದೆ ತೆಗೆದುಕೊಳ್ಳಬೇಕು.

ದನ ಈಯುವಾಗ ಉದ್ದ ಕೈಗವಸು ಹಾಕಿ. ಮಾಸನ್ನು ನಾಯಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲನ್ನು ಉಕ್ಕಿಸಿಯೇ ಕುಡಿಯಿರಿ. ಹೆಣ್ಣುಕರುವಿಗೆ 4ರಿಂದ 8 ತಿಂಗಳ ನಡುವೆ ಒಂದೇ ಒಂದು ಲಸಿಕೆ ಹಾಕಿಸಿದರೆ ಸಾಕು; ಪಶುಪಾಲನಾ ಇಲಾಖೆ ಉಚಿತವಾಗಿ ಹಾಕುತ್ತದೆ. ಸಂಚಾರಿ ಪಶು ಚಿಕಿತ್ಸಾಲಯ ಬೇಕಾದರೆ 1962ಕ್ಕೆ ಕರೆ ಮಾಡಿ.

ಮೀನಿನ ಮುಳ್ಳು, ಚಿಪ್ಪಿನ ಗೀರು

ಮೀನು ಹೆಚ್ಚುವಾಗ, ಬಲೆ ಬಿಡಿಸುವಾಗ ಮುಳ್ಳು ಚುಚ್ಚುವುದು ಇಲ್ಲಿ ದಿನದ ಮಾತು. ಎರಡು ಮೂರು ದಿನದ ಮೇಲೆ ಆ ಬೆರಳು ನೇರಳೆಗೆಂಪಾಗಿ ಊದಿ ಉರಿದರೆ ಅದು ಮೀನಿನ ಮೈಮೇಲಿರುವ ಒಂದು ಬ್ಯಾಕ್ಟೀರಿಯಾದ ಕೆಲಸವಿರಬಹುದು, ಪೆನಿಸಿಲಿನ್‌ಗೆ ವಾಸಿಯಾಗುತ್ತದೆ. ಅಳಿವೆಯಲ್ಲಿ ಬಳಚು ಆರಿಸುವವರ ಗಾಯಕ್ಕೆ ಸೇರುವ ವಿಬ್ರಿಯೊ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಅಪರೂಪ, ಆದರೆ ವೇಗ ಹೆಚ್ಚು. ಒಂದೇ ದಿನದಲ್ಲಿ ಬಾವು ಮೇಲೇರಿ, ಗುಳ್ಳೆ ಎದ್ದು, ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಯಕೃತ್ತಿನ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದವರು ಗಾಯವಿಟ್ಟುಕೊಂಡು ಅಳಿವೆಯ ನೀರಿಗೆ ಇಳಿಯಬಾರದು.

ಹೆದರಬೇಕಿಲ್ಲದ ಸಂಗತಿಗಳು

ದನಗಳ ಚರ್ಮಗಂಟು ರೋಗ ಮನುಷ್ಯರಿಗೆ ಬರುವುದಿಲ್ಲ. ಕಾಲುಬಾಯಿ ಜ್ವರದಿಂದಲೂ ಮನುಷ್ಯರಿಗೆ ಆತಂಕವಿಲ್ಲ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಯಿಂದ ಹಕ್ಕಿಜ್ವರ ತಗಲದು. ಎಚ್ಚರ ಬೇಕಾದದ್ದು ಸತ್ತ ಕೋಳಿಯನ್ನು ಮುಟ್ಟುವಾಗ. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ಕಾಣಿಸಿದ ನಿಪಾ ಹಣ್ಣುಬಾವಲಿಯ ವೈರಾಣು. ಬಾವಲಿ ಕಚ್ಚಿದ ಪೇರಳೆ, ಮಾವನ್ನು ತಿನ್ನದಿದ್ದರೆ ಸಾಕು; ಬಾವಲಿ ಮರವನ್ನು ಕಡಿಯುವುದು ಬೇಡ. ಮಂಗನ ಕಾಯಿಲೆಯ ಹೆಸರಿನಲ್ಲಿ ಮಂಗಗಳನ್ನು ಕೊಲ್ಲುವುದೂ ಅಪರಾಧ, ಪ್ರಯೋಜನವೂ ಇಲ್ಲ.

ಆಸ್ಪತ್ರೆಯಲ್ಲಿ ಹೇಳಬೇಕಾದ ಐದು ಮಾತು

1. ಜ್ವರ ಶುರುವಾದ ದಿನಾಂಕ.
2. ಹಿಂದಿನ ಮೂರು ವಾರದಲ್ಲಿ ಇಳಿದ ಗದ್ದೆ, ಚರಂಡಿ, ನೆರೆನೀರು.
3. ಹೋದ ಕಾಡು, ಗೇರುತೋಪು, ಕಚ್ಚಿದ ಉಣುಗು, ಊರಿನಲ್ಲಿ ಮಂಗ ಸತ್ತ ಸುದ್ದಿ.
4. ನಾಯಿ, ಬೆಕ್ಕಿನ ಕಡಿತ, ಪರಚು. ದನ ಈದದ್ದು, ಕಂದು ಹಾಕಿದ್ದು. ಕುಡಿದ ಹಸಿ ಹಾಲು.
5. ಈಗಾಗಲೇ ನುಂಗಿದ ಮಾತ್ರೆಗಳು.

ಗೊತ್ತಾಗದಿದ್ದರೆ ಆರೋಗ್ಯ ಸಹಾಯವಾಣಿ 104, ತುರ್ತಿದ್ದರೆ ಆಂಬುಲೆನ್ಸ್ 108. ಹೊರರೋಗಿ ವಿಭಾಗದ ಸಾಲಿನಲ್ಲಿ ವೈದ್ಯರಿಗೆ ಪ್ರತಿಯೊಬ್ಬರ ಕಸುಬು ಕೇಳಲು ಪುರುಸೊತ್ತು ಇರುವುದಿಲ್ಲ. ಅವರು ಕೇಳಲಿ ಬಿಡಲಿ, ಈ ಐದು ಮಾತನ್ನು ನೀವೇ ಹೇಳಿ.